ನಲವತ್ತು ಸಾವಿರ ಸುತ್ತು

ಯಂತ್ರದ ಎಣಿಕೆ ಗಾಜಿನಲ್ಲಿ ಕೊನೆಯ ಅಂಕಿ ಉರುಳಿತು. ಮೂವತ್ತೊಂಬತ್ತು ಸಾವಿರದ ಆರುನೂರು.

“ಇನ್ನೂ ಎಷ್ಟು ಹೊತ್ತಾಗುತ್ತೆ ಮೇಡಂ?” ಇನ್‌ಸ್ಪೆಕ್ಟರ್ ಕೇಳಿದ.

“ನಾನೂರು ಸುತ್ತು ಬಾಕಿ. ನಿಮಿಷಕ್ಕೆ ನಲವತ್ತು. ನೀವೇ ಲೆಕ್ಕ ಹಾಕಿ.”

“ಹತ್ತು ನಿಮಿಷ.”

“ಅಲ್ಲೀವರೆಗೆ ಕಾಲು ಕುಣಿಸಬೇಡಿ. ನೆಲ ಅದುರಿದ್ರೆ ಅಂಕಿ ಕೆಡುತ್ತೆ.”

ಇನ್‌ಸ್ಪೆಕ್ಟರ್ ಕಾಲನ್ನು ಕುರ್ಚಿಯ ಕೆಳಗೆ ಸೇರಿಸಿಕೊಂಡ. ಠಾಣೆಯಲ್ಲಿ ಹತ್ತು ಜನರನ್ನು ನಡುಗಿಸುವ ಆಸಾಮಿ ಈ ಕೋಣೆಗೆ ಬಂದರೆ ಮಾತ್ರ ಲೆಕ್ಕದ ಮೇಷ್ಟ್ರ ಮುಂದೆ ಕೂತವನ ಹಾಗಾಗುತ್ತಿದ್ದ.

ಮೂರು ವಾರದ ಹಿಂದೆ ಎಂಟು ಮಹಡಿಯ ಕಟ್ಟಡವೊಂದರ ಲಿಫ್ಟು ಬಿದ್ದು ಒಳಗಿದ್ದ ಫಿಟ್ಟರ್ ಸತ್ತಿದ್ದ. ಆ ಸಾವಿನ ಗೂಬೆಯನ್ನು ಒಬ್ಬ ಓವನ್ ಕೆಲಸಗಾರನ ತಲೆಯ ಮೇಲೆ ಕೂರಿಸಿ, ಇವತ್ತು ಹನ್ನೊಂದು ಗಂಟೆಗೆ ಕೋರ್ಟಿಗೆ ಕರೆದೊಯ್ಯುವುದಿತ್ತು. ಈಗ ಎಂಟೂಹತ್ತು.

ಸವಕಳಿಯಮ್ಮ ಮತ್ತೆ ಗಾಜಿನ ಕಡೆ ಬಾಗಿದಳು. ಆ ಹೆಸರು ಅವಳಿಗೆ ಲೋಹ ಪರೀಕ್ಷೆಯ ಲ್ಯಾಬಿನವರು ಇಟ್ಟದ್ದು. ಮೂವತ್ತು ವರ್ಷ ಒಂದು ಲೋಹವನ್ನು ಇನ್ನೊಂದರ ಮೇಲೆ ತಿಕ್ಕಿ, ಯಾವುದು ಎಷ್ಟು ಬೇಗ ಸವೆಯುತ್ತದೆ ಎಂದು ಬರೆದವಳು. ನಿವೃತ್ತಿಯ ದಿನ ಲ್ಯಾಬಿನವರು ಹಳೆಯ ಯಂತ್ರವನ್ನು ಗುಜರಿಗೆ ಹಾಕುವುದರಲ್ಲಿದ್ದರು. ಇವಳು ಅದನ್ನು ಕೇಳಿ ಪಡೆದು ಮನೆಯ ಮುಂದಿನ ಕೋಣೆಗೆ ತಂದಳು. ಗಂಡ ಹೋಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಸದ್ದು ಮಾಡುವುದು ಎಂದರೆ ಆ ಯಂತ್ರವೊಂದೇ, ಅದು ನಿಂತ ದಿನ ತನ್ನ ಕೆಮ್ಮೇ ಅವಳಿಗೆ ಬೇರೆಯವರದ್ದು ಅನ್ನಿಸುತ್ತಿತ್ತು. ಇನ್‌ಸ್ಪೆಕ್ಟರ್ ಕೂತಿದ್ದ ಕುರ್ಚಿಯ ಮೇಲೆ ಅವನು ಬರಲು ಶುರುಮಾಡುವ ತನಕ ಹಳೆಯ ಫೈಲುಗಳೇ ಕೂತಿದ್ದವು.

“ಇನ್ನೊಂದ್ಸಲ ಹೇಳಿ ಮೇಡಂ. ಕೋರ್ಟಲ್ಲಿ ನಾನು ತಡವರಿಸಬಾರದು.”

“ಲಿಫ್ಟಿನ ಬ್ರೇಕು ಸೋತರೆ ಪಕ್ಕದ ಕಂಬಿಯನ್ನ ಕಚ್ಚಿ ಹಿಡಿಯೋಕೆ ಒಂದು ಕೊಕ್ಕೆ ಇರುತ್ತೆ. ಕೊಕ್ಕೆ ತಿರುಗೋದು ಪಿನ್ನಿನ ಮೇಲೆ. ಅಲ್ಲಿ ಎಣ್ಣೆ ಹಾಕಿದ್ರೆ ಧೂಳು ಹಿಡಿದು ಅಂಟಾಗುತ್ತೆ. ಅದಕ್ಕೆ ಎಣ್ಣೆ ಬದಲು ಕಪ್ಪು ಕೋಟಿಂಗ್ ಹೊಡೆದು ಓವನ್ನಲ್ಲಿ ಕಾಯಿಸ್ತಾರೆ. ಜಾರೋ ಪುಡಿ, ಅದನ್ನ ಹಿಡಿದಿಡೋ ಅಂಟು. ಕಾವು ಸರಿಯಾಗಿ ಕೊಟ್ರೆ ಅಂಟು ಗಟ್ಟಿಯಾಗುತ್ತೆ, ಪುಡಿ ಬಿಡಲ್ಲ.”

“ಕಾವು ಕಮ್ಮಿಯಾದ್ರೆ?”

“ಅಂಟು ಹಸಿಯಾಗೇ ಉಳಿಯುತ್ತೆ. ನಾಲ್ಕು ಸಲ ತಿಕ್ಕಿದ್ರೆ ಕಿತ್ತು ಬರುತ್ತೆ.”

ಪಿನ್ನಿಗೆ ಲೇಪ ಹೊಡೆದ ವರ್ಕ್‌ಶಾಪಿನ ಮಾಲೀಕ ಪೊಲೀಸರಿಗೆ ಹೇಳಿದ್ದು ಇದನ್ನೇ. ಒಳಗಿನ ಗಾಳಿ ಇನ್ನೂರು ಡಿಗ್ರಿಗೆ ಬಂದ ತಕ್ಷಣ ಗಂಟೆ ಎಣಿಸಲು ಶುರುಮಾಡುವುದು ಅರೆಬರೆ ಕೆಲಸಗಾರನ ಲಕ್ಷಣ. ಗಾಳಿ ಬಿಸಿಯಾದರೆ ಸಾಲದು, ಉಕ್ಕು ಬಿಸಿಯಾಗಬೇಕು, ಅಲ್ಲಿಂದ ಒಂದು ಗಂಟೆ. ದಪ್ಪ ಪಿನ್ನಿಗೆ ಕಾವು ಹತ್ತಲು ಅರ್ಧ ಗಂಟೆ ಹೆಚ್ಚು ಬೇಕು. ಬೇಗ ಮನೆಗೆ ಹೋಗುವ ಆಸೆಗೆ ಇವನು ಆ ಅರ್ಧ ಗಂಟೆ ನುಂಗಿದ ಎಂದು ಮಾಲೀಕ ಕೈ ತೊಳೆದುಕೊಂಡಿದ್ದ. ಓವನ್ ಕೆಲಸಗಾರ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಸವಕಳಿಯಮ್ಮ ಅದೇ ಕಪ್ಪು ಲೇಪ ಹೊಡೆದ ಮೂರು ಉಕ್ಕಿನ ಬಿಲ್ಲೆಗಳನ್ನು ತಿಕ್ಕಿ ನೋಡುತ್ತಿದ್ದಳು. ಮೊದಲನೆಯದನ್ನು ತಾನೇ ಗಾಳಿಯ ಲೆಕ್ಕದಲ್ಲಿ ಕಾಯಿಸಿದ್ದಳು. ಅದರ ಲೇಪ ಎರಡು ಸಾವಿರದ ಒಂಬೈನೂರು ಸುತ್ತಿಗೆ ಕಿತ್ತುಹೋಗಿ ಉಕ್ಕು ಕಿರುಗುಟ್ಟಿತು. ಎರಡನೆಯದನ್ನು ಉಕ್ಕಿನ ಲೆಕ್ಕದಲ್ಲಿ ಕಾಯಿಸಿದ್ದಳು. ಅದು ನಲವತ್ತು ಸಾವಿರ ದಾಟಿಯೂ ಜಗ್ಗಲಿಲ್ಲ. ಮೂರನೆಯದು ಈಗ ತಿರುಗುತ್ತಿತ್ತು. ಅದೇ ಸಾಕ್ಷಿ ತುಂಡು.

ಅದು ಸಿಕ್ಕಿದ್ದು ನಿನ್ನೆ, ವರ್ಕ್‌ಶಾಪಿನಲ್ಲಿ.

“ಸಾಕ್ಷಿ ತುಂಡಾ? ಅದನ್ನೆಲ್ಲ ಯಾರಮ್ಮ ಎತ್ತಿಡ್ತಾರೆ?” ಎಂದು ಮಾಲೀಕ ಮೂಗು ಮುರಿದಿದ್ದ.

“ನಿಮ್ಮ ಓವನ್ನವನು ಎತ್ತಿಡ್ತಾನೆ,” ಎಂದು ಅವಳು ಸೀದಾ ಓವನ್ನಿನ ಮೇಲಿನ ತಗಡಿನ ಪೆಟ್ಟಿಗೆಗೆ ಕೈ ಹಾಕಿದ್ದಳು.

ಓವನ್ನಿಗೆ ಒಟ್ಟಿಗೆ ಹೋಗುವ ಪ್ರತಿ ತಟ್ಟೆ ಪಿನ್ನಿನ ಜೊತೆ ಒಂದು ಬಿಲ್ಲೆಗೂ ಅದೇ ಲೇಪ ಹೊಡೆದು, ಅದೇ ಕಾವು ಕೊಟ್ಟು, ಕವರಿನಲ್ಲಿ ಎತ್ತಿಡಬೇಕು. ನಾಳೆ ಏನಾದರೂ ಕೇಳಿಬಂದರೆ ಪಿನ್ನಿನ ಪರವಾಗಿ ಬಿಲ್ಲೆ ಮಾತಾಡುತ್ತದೆ. ಪೆಟ್ಟಿಗೆಯಲ್ಲಿ ಅರವತ್ತು ಕವರುಗಳಿದ್ದವು. ಪ್ರತಿಯೊಂದರ ಮೇಲೂ ತಾರೀಖು, ತಟ್ಟೆಯ ನಂಬರು, ಕಾವು, ಲೇಪದ ದಪ್ಪ. ಗುಂಡಗಿನ ಅಕ್ಷರ, ಸಾಲು ಬಲಕ್ಕೆ ಹೋದಂತೆ ಮೇಲಕ್ಕೇರುವ ಅಕ್ಷರ. ಆ ಕೈಬರಹವನ್ನು ಅವಳು ನೋಡಿ ಹನ್ನೊಂದು ವರ್ಷವಾಗಿತ್ತು. ಓವನ್ನಿನ ಮುಂದೆ ನಿಂತವಳು ಮಾಲೀಕನಿಗೆ ಮುಖ ಕಾಣಬಾರದೆಂದು ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು.

ಯಂತ್ರ ಠಕ್ಕೆಂದು ನಿಂತಿತು. ನಲವತ್ತು ಸಾವಿರ.

ಅವಳು ಬಿಲ್ಲೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತಿಕ್ಕಿದ ಜಾಡು ಕನ್ನಡಿಯಷ್ಟು ನುಣುಪಾಗಿತ್ತು. ಎಲ್ಲೂ ಉಕ್ಕು ಇಣುಕಿರಲಿಲ್ಲ.

“ಇವನು ಕಾವು ಸರಿಯಾಗಿ ಕೊಟ್ಟಿದಾನೆ,” ಎಂದಳು. ದನಿ ತೆಳ್ಳಗಾಗಿತ್ತು.

“ಮತ್ತೆ ಆ ಲಿಫ್ಟಿನ ಪಿನ್ನು ಸಿಕ್ಕಿಕೊಂಡು ಕೊಕ್ಕೆ ತಿರುಗದೇ ಹೋದದ್ದು ಯಾಕೆ?”

ಅವಳು ಹತ್ತಿಯಲ್ಲಿ ಸುತ್ತಿಟ್ಟ ಪಿನ್ನನ್ನು ತಂದಳು. ಬೆರಳುದ್ದದ ಉಕ್ಕು. ಒಂದು ತುದಿ ಕಪ್ಪು, ಇನ್ನೊಂದು ತುದಿಯಲ್ಲಿ ಹಳದಿ ಮಿಶ್ರಿತ ಬಿಳಿ ಪುಡಿ.

“ಈ ಕಪ್ಪು ಪುಡಿಗೆ ನಾನೂರು ಡಿಗ್ರಿ ದಾಟಿದ ಕಾವು ಗಾಳೀಲಿ ತಾಗಿದ್ರೆ ಸುಟ್ಟು ಹೀಗಾಗುತ್ತೆ. ಜಾರಿಸಬೇಕಾದ್ದೇ ಉಜ್ಜೋಕೆ ಶುರುಮಾಡುತ್ತೆ. ಅವರ ಓವನ್ನು ಇನ್ನೂರೈವತ್ತರ ಮೇಲೆ ಏರೋದೇ ಇಲ್ಲ. ಅಲ್ಲದೆ ಓವನ್ನಲ್ಲಿ ಸುಟ್ಟಿದ್ರೆ ಪೂರ್ತಿ ಸುಡಬೇಕಿತ್ತು. ಇಲ್ಲಿ ಒಂದೇ ತುದಿ ನೋಡಿ.”

“ಗ್ಯಾಸ್ ಬೆಂಕಿ.”

“ಹೌದು. ವರ್ಕ್‌ಶಾಪು ಬಿಟ್ಟ ಮೇಲೆ.”

“ಲಿಫ್ಟಿಗೆ ಇದನ್ನ ಹಾಕಿದವನು ಸತ್ತ ಫಿಟ್ಟರೇ,” ಎಂದು ಇನ್‌ಸ್ಪೆಕ್ಟರ್ ನಿಧಾನಕ್ಕೆ ಹೇಳಿದ. “ತನ್ನ ಕೈಯಾರೆ ತಾನೇ.”

ಅವಳು ಪಿನ್ನನ್ನು ಬೆಳಕಿಗೆ ತಿರುಗಿಸಿದಳು. ಪಿನ್ನಿನ ಕಪ್ಪು ತುದಿಯಲ್ಲಿ ಉದ್ದುದ್ದಕ್ಕೆ ನಾಲ್ಕಾರು ಗೀರುಗಳಿದ್ದವು, ಬಿಗಿ ತೂತಿಗೆ ಒತ್ತಿ ತೂರಿಸಿದರೆ ಬೀಳುವಂಥವು. ಯಾಕೆ ಬಿಗಿಯಾಯಿತು ಎಂಬ ಪ್ರಶ್ನೆ ಒಂದು ಕ್ಷಣ ಎದ್ದಿತು. ಬೇರೆ ದಿನವಾಗಿದ್ದರೆ ಅವಳು ಅದರ ಬೆನ್ನು ಹತ್ತುತ್ತಿದ್ದಳು. ಇವತ್ತು ಗಡಿಯಾರ ಎಂಟೂವರೆ ತೋರಿಸುತ್ತಿತ್ತು.

“ಮೇಡಂ, ಆ ತಟ್ಟೆಯಲ್ಲಿ ಇಪ್ಪತ್ನಾಲ್ಕು ಪಿನ್ನಿತ್ತು. ಲಿಫ್ಟಿಗೆ ಎರಡರಂತೆ ಹನ್ನೆರಡು ಲಿಫ್ಟು. ಉಳಿದ ಹನ್ನೊಂದನ್ನ ನಾನು ನಿಲ್ಲಿಸಿಟ್ಟಿದೀನಿ. ಮೂರು ವಾರದಿಂದ ಹನ್ನೊಂದು ಕಟ್ಟಡದ ಜನ ಮೆಟ್ಟಿಲು ಹತ್ತುತ್ತ ಮೆಟ್ಟಿಲಿಗೊಂದು ಸಲ ನನಗೆ ಶಾಪ ಹಾಕ್ತಿದಾರೆ. ತಟ್ಟೆ ಕೆಟ್ಟಿದ್ರೆ ಎಲ್ಲಾ ಪಿನ್ನೂ ಕೀಳಿಸ್ತೀನಿ. ಕೆಟ್ಟಿಲ್ಲ ಅಂದ್ರೆ ಇವತ್ತೇ ಬಿಡಿಸ್ತೀನಿ. ಏನ್ ಹೇಳ್ತೀರಿ?”

ವರದಿ ಬರೆದು ಸಹಿ ಹಾಕುವ ತನಕ ಬಾಯಿಮಾತಿನಲ್ಲಿ ಏನನ್ನೂ ಹೇಳದಿರುವುದು ಅವಳ ಮೂವತ್ತು ವರ್ಷದ ಕಟ್ಟುನಿಟ್ಟು. ಅದನ್ನು ಅವಳು ಒಂದು ಸಲವೂ ಮುರಿದಿರಲಿಲ್ಲ.

“ತಟ್ಟೆ ಚೆನ್ನಾಗಿದೆ,” ಎಂದಳು. “ಅವನನ್ನ ಬಿಡಿ.”

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡು ಎದ್ದ. ಬಾಗಿಲ ತನಕ ಹೋದವನನ್ನು ಅವಳೇ ತಡೆದಳು.

“ನಿಮಗೊಂದು ಮಾತು ಹೇಳಬೇಕಿತ್ತು. ಅವನು ನನ್ನ ತಮ್ಮ. ಒಡಹುಟ್ಟಿದವನು.”

“ಮೊದಲ ದಿನವೇ ಗೊತ್ತಿತ್ತು.”

“ಮತ್ತೆ ನನ್ನ ಹತ್ರ ಯಾಕೆ ಬಂದ್ರಿ?”

“ಲ್ಯಾಬಲ್ಲಿ ವಿಚಾರಿಸಿದೆ. ಒಂದ್ಸಲ ತಮ್ಮನ ವಿರುದ್ಧ ನಿಜ ಬರೆದವರು ತಮ್ಮನ ಪರವಾಗಿ ಸುಳ್ಳು ಬರೆಯಲ್ಲ ಅನ್ನಿಸ್ತು,” ಎಂದು ಹೇಳಿ ಅವನು ಹೋದ.

ಆ ನಿಜ ಹೀಗಿತ್ತು. ತಮ್ಮನೂ ಅದೇ ಲ್ಯಾಬಿನಲ್ಲಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಹತ್ತು ತುಂಡು ಅಳೆಯಬೇಕಾದಲ್ಲಿ ಒಂದನ್ನು ಅಳೆದು, ಉಳಿದ ಒಂಬತ್ತು ಅಂಕಿಯನ್ನು ಕೂತಲ್ಲೇ ಬರೆದಿದ್ದ. ಅಕ್ಕ ಅದನ್ನು ಕಂಡಳು, ಕಂಡದ್ದನ್ನು ವರದಿಯಲ್ಲಿ ಬರೆದಳು. ಅವನ ಕೆಲಸ ಹೋಯಿತು. ಅಂದಿನಿಂದ ಅವನು ಅವಳ ಹೊಸ್ತಿಲು ತುಳಿಯಲಿಲ್ಲ. ಭಾವ ತೀರಿಕೊಂಡಾಗಲೂ ಬಂದು ಬೀದಿಯ ಆಚೆ ಬದಿಯಲ್ಲಿ ನಿಂತು ಹೋಗಿದ್ದ.

ಸವಕಳಿಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಫ್ಲಾಸ್ಕಿಗೆ ಚಹಾ ತುಂಬಿದಳು. ಎರಡು ಲೋಟ ತೆಗೆದುಕೊಂಡಳು. ಎರಡನೆಯ ಲೋಟ ಕಪಾಟಿನಲ್ಲಿ ಕೂತು ಕೂತು ಧೂಳು ಹಿಡಿದಿತ್ತು, ಅದನ್ನು ಎರಡು ಸಲ ತೊಳೆದಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ‘ಬಾ, ಮನೆಗೆ ಹೋಗೋಣ’ ಎಂಬುದಕ್ಕಿಂತ ಮುಂದೆ ಮಾತು ಸಾಗಲಿಲ್ಲ. ಅಷ್ಟು ಸಾಕು ಅನ್ನಿಸಿತು. ಬಹಳ ದಿನಗಳ ಮೇಲೆ ಅವಳಿಗೆ ಸಂತೋಷವಾಗಿತ್ತು.

ಠಾಣೆ ತಲುಪಿದಾಗ ಒಂಬತ್ತೂಮುಕ್ಕಾಲು. ಇನ್‌ಸ್ಪೆಕ್ಟರ್ ಮೇಜಿನ ಹಿಂದೆ ಫೋನು ಹಿಡಿದು ಕೂತಿದ್ದ. ಕೈಸನ್ನೆಯಲ್ಲೇ ಒಳಕೋಣೆ ತೋರಿಸಿದ. ಅವನ ಮುಖ ಗಂಟಿಕ್ಕಿತ್ತು. ಫೋನಿನ ಬಾಯಿಗೆ ಅಂಗೈ ಮುಚ್ಚಿ, “ನೀವೇ ಕೇಳಿ ಮೇಡಂ. ನಂಗಂತೂ ತಲೆಬುಡ ಅರ್ಥ ಆಗ್ತಿಲ್ಲ,” ಎಂದ.

ಒಳಗೆ ಒಂದು ಬೆಂಚು, ಒಂದು ಟ್ಯೂಬ್‌ಲೈಟು, ಎತ್ತರದಲ್ಲಿ ಒಂದು ಕಿಟಕಿ. ತಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದ. ಕೂದಲು ಪೂರಾ ನರೆತಿತ್ತು. ಅವಳ ಕಣ್ಣಿನಲ್ಲಿ ಅವನು ಇನ್ನೂ ಕಪ್ಪು ಕೂದಲಿನವನಾಗಿದ್ದ.

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಚಹಾ ಬಗ್ಗಿಸಿದಳು.

“ತಗೋ ಪುಟ್ಟ.”

ಐವತ್ತು ವರ್ಷದ ಪುಟ್ಟ ಲೋಟ ಮುಟ್ಟಲಿಲ್ಲ.

“ನಿನ್ನ ಸಾಕ್ಷಿ ತುಂಡು ತಿಕ್ಕಿ ನೋಡಿದೆ. ನಲವತ್ತು ಸಾವಿರ ಸುತ್ತು. ಜಗ್ಗಲಿಲ್ಲ. ನಿನ್ನ ಕಾವಿನಲ್ಲಿ ತಪ್ಪಿಲ್ಲ, ನೀನು ಮನೆಗೆ ಬರಬಹುದು.”

“ಇವತ್ತು ಬೆಳಿಗ್ಗೆ ಬರೆದುಕೊಟ್ಟೆ ಅಕ್ಕ,” ಎಂದ ಅವನು. “ಅರ್ಧ ಗಂಟೆ ಮೊದಲೇ ತಟ್ಟೆ ಇಳಿಸಿದೆ, ತಪ್ಪು ನನ್ನದು ಅಂತ. ಸಹಿ ಹಾಕಿದೀನಿ.”

ಅವಳ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಅಲ್ಲೇ ಉಳಿಯಿತು.

“ನೀನು ಇಳಿಸಿಲ್ಲ.”

“ಇಳಿಸಿದೆ ಅಂತ ಬರಿ.”

“ತುಂಡು ಬೇರೆ ಹೇಳುತ್ತೆ.”

“ಹನ್ನೊಂದು ವರ್ಷದ ಹಿಂದೆ ನೀನು ನಿಜ ಬರೆದೆ. ನಾನು ತಕರಾರು ಮಾಡ್ಲಿಲ್ಲ. ಈ ಸಲ ಸುಳ್ಳು ಬರಿ ಅಕ್ಕ. ನಿನ್ನ ಹತ್ರ ನಾನು ಇನ್ನೇನೂ ಕೇಳಲ್ಲ.”

ಅವಳಿಗೆ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟು ಬರುವುದು ಅವಳ ಹುಟ್ಟುಗುಣ.

“ಯಾರನ್ನ ಉಳಿಸ್ತಿದೀಯ? ಪಿನ್ನಿಗೆ ಗ್ಯಾಸ್ ಬೆಂಕಿ ಹಿಡಿದಿದಾರೆ. ಹಿಡಿದವನು ಆ ಫಿಟ್ಟರು. ಅವನು ನಿನ್ನ ಸ್ನೇಹಿತನಂತೆ.”

“ಉದ್ದಣ್ಣ,” ಎಂದ ತಮ್ಮ. ಲಿಫ್ಟಿನ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಹೋಗಲಾಗದಷ್ಟು ಎತ್ತರದ ಆಸಾಮಿ ಅವನು. “ಭಾನುವಾರ ಮಧ್ಯಾಹ್ನ ಅವನ ಮನೇಲೇ ನನ್ನ ಊಟ. ಇನ್ನೆಲ್ಲಿ ಹೋಗಲಿ ಹೇಳು? ಅವನ ಹೆಂಡತಿ ನಿನ್ನೆ ಇಲ್ಲಿಗೆ ಬಂದಿದ್ಲು. ನನ್ನ ಮುಖಕ್ಕೆ ಉಗಿದು ಹೋದ್ಲು. ಉಗೀಲಿ. ಗಂಡ ಇನ್ನೊಬ್ಬರ ತಪ್ಪಿನಿಂದ ಸತ್ತ ಅಂತ ಅವಳು ತಿಳ್ಕೊಂಡಿದಾಳೆ. ಹಾಗೇ ಇರಲಿ.”

“ಅವನ ತಪ್ಪಿಗೆ ನೀನು ಜೈಲಿಗೆ ಹೋಗ್ತೀಯಾ?”

“ಅವನ ತಪ್ಪಲ್ಲ.”

“ಬೆಂಕಿ ಹಿಡಿದವನು ಅವನೇ.”

“ಹಿಡಿ ಅಂದವನು ನಾನು.”

ಹೊರಗೆ ಇನ್‌ಸ್ಪೆಕ್ಟರನ ದನಿ ಏರಿ ಇಳಿಯಿತು. ತಮ್ಮ ಲೋಟವನ್ನು ಕೈಗೆತ್ತಿಕೊಂಡ. ಕುಡಿಯಲಿಲ್ಲ, ಅದರ ಬಿಸಿಗೆ ಅಂಗೈ ಒತ್ತಿ ಹಿಡಿದ.

“ಉದ್ದಣ್ಣ ಫೋನ್ ಮಾಡಿದ್ದ. ಪಿನ್ನು ತೂತಿಗೆ ಕೂರ್ತಿಲ್ಲ, ಬಿಗಿ ಇದೆ ಅಂದ. ಊಟದ ಹೊತ್ತು. ಬಾಯಲ್ಲಿ ತುತ್ತಿತ್ತು. ಒಂಚೂರು ಬಿಸಿ ಮಾಡಿ ಕೂರಿಸೋ ಅಂದುಬಿಟ್ಟೆ. ತೂತಿನ ಕಡೆ ಬಿಸಿ ಮಾಡು, ಅದು ಹಿಗ್ಗುತ್ತೆ ಅನ್ನೋ ಅರ್ಥದಲ್ಲಿ ಅಂದೆ. ಅವನು ಪಿನ್ನಿಗೇ ಬೆಂಕಿ ತೋರಿಸಿದ. ಬಿಗಿಯಾದದ್ದಕ್ಕೆಲ್ಲ ಬೆಂಕಿ ತೋರಿಸೋದು ಫಿಟ್ಟರುಗಳ ರೂಢಿ.”

“ಬಿಗಿ ಯಾಕಾಯ್ತು?” ಅವಳು ಕೇಳಿದಳು. ಕೇಳುವಾಗಲೇ ಪಿನ್ನಿನ ಮೇಲಿನ ಗೀರುಗಳು ಕಣ್ಣ ಮುಂದೆ ಬಂದವು.

“ಲೇಪ ಹೊಡೆಯೋ ಹೊಸ ಸ್ಪ್ರೇ ಗನ್ನು ಬಂದಿತ್ತು. ಒಂದು ಕೈ ಜಾಸ್ತಿ ಹೊಡೆದೆ. ದಪ್ಪ ಇದ್ರೆ ಜಾಸ್ತಿ ದಿನ ಬಾಳುತ್ತೆ ಅಂದ್ಕೊಂಡೆ.”

“ಕವರಿನ ಮೇಲೆ ದಪ್ಪ ಬರೆದಿದೀಯ. ಸರಿಯಾಗೇ ಇದೆ.”

ಅವನು ಅವಳನ್ನು ನೋಡಿದ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನೇರ ನೋಡಿದ.

“ಅಳೆದಿಲ್ಲ ಅಕ್ಕ. ಹಿಂದಿನ ತಟ್ಟೆಯ ಅಂಕೀನೇ ಕೂತು ಬರೆದೆ.”

ಬಯ್ಯಬೇಕೆಂದು ಬಂದ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು. ಏಕೆಂದರೆ ಅವಳೂ ಅಳೆದಿರಲಿಲ್ಲ. ಚಪ್ಪಟೆ ಬಿಲ್ಲೆಯ ಲೇಪ ದಪ್ಪವಿದ್ದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಇನ್ನೂ ಚೆನ್ನಾಗಿಯೇ ಬಾಳುತ್ತದೆ. ದಪ್ಪ ತಿಳಿಯಲು ಮೈಕ್ರೋಮೀಟರ್ ಹಿಡಿಯಬೇಕಿತ್ತು. ಅದು ಮೇಜಿನ ಮೇಲೇ ಇತ್ತು. ಅವಳು ಆ ಗುಂಡಗಿನ ಅಕ್ಷರವನ್ನು ನೋಡಿದಳು, ಕನ್ನಡಕ ಒರೆಸಿಕೊಂಡಳು, ಅವನು ಬರೆದ ಅಂಕಿಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಅಳೆಯದೆ ಬರೆದ ಅಂಕಿಗಾಗಿ ತಮ್ಮನ ಬದುಕು ಕೆಡಿಸಿದವಳು, ಅಳೆಯದ ಅಂಕಿಯ ಮೇಲೆ ಇವತ್ತು ಮಾತು ಕೊಟ್ಟು ಬಂದಿದ್ದಳು.

“ತಟ್ಟೆಯ ಎಲ್ಲಾ ಪಿನ್ನೂ ದಪ್ಪವಾ?” ಅವಳು ಕೇಳಿದಳು.

“ಎಲ್ಲಾ.”

“ಹಾಗಾದ್ರೆ ಎಲ್ಲಾ ಲಿಫ್ಟಲ್ಲೂ ಬಿಗಿ.”

“ಉದ್ದಣ್ಣ ಉಳಿದ ಫಿಟ್ಟರುಗಳಿಗೂ ಹೇಳಿದ್ದ. ಓವನ್ನವನೇ ಹೇಳಿದಾನೆ, ಬಿಸಿ ಮಾಡಿ ಕೂರಿಸಿ ಅಂತ. ಅದಕ್ಕೇ ಹೀಗೆ ಬರೆದುಕೊಟ್ಟೆ. ತಟ್ಟೆಯೇ ಕೆಟ್ಟಿದೆ ಅಂದ್ರೆ ಹನ್ನೊಂದು ಲಿಫ್ಟಿನ ಪಿನ್ನೂ ಕೀಳ್ತಾರೆ. ಉದ್ದಣ್ಣನ ಹೆಸರೂ ಉಳಿಯುತ್ತೆ. ಒಬ್ಬ ಜೈಲಿಗೆ ಹೋಗ್ತಾನೆ, ಅಷ್ಟೇ. ನಂಗೆ ಮನೇಲಿ ಕಾಯೋರು ಯಾರಿದಾರೆ?”

‘ನಾನಿದ್ದೆ’ ಎನ್ನಬೇಕಿತ್ತು ಅವಳು. ಅದಕ್ಕೆ ಹೊತ್ತಿರಲಿಲ್ಲ. ಫ್ಲಾಸ್ಕು ಬೆಂಚಿನಿಂದ ಉರುಳಿದ್ದೂ ಗೊತ್ತಾಗದೆ ಎದ್ದಳು.

“ಏನಾಯ್ತು ಅಕ್ಕ?”

“ಬೆಳಿಗ್ಗೆ ನಾನು ಅವರಿಗೆ ಹೇಳಿಬಿಟ್ಟೆ. ತಟ್ಟೆ ಚೆನ್ನಾಗಿದೆ ಅಂತ. ನೀನು ಹೊರಗೆ ಬರಲಿ ಅಂತ ಹೇಳಿಬಿಟ್ಟೆ ಕಣೋ.”

ತಮ್ಮ ಲೋಟ ಕೆಳಗಿಟ್ಟ. ಅವನಿಗೆ ಲಿಫ್ಟಿನವರ ನಿಯಮ ಗೊತ್ತಿತ್ತು. ನಿಲ್ಲಿಸಿದ ಲಿಫ್ಟನ್ನು ಮತ್ತೆ ಓಡಿಸುವ ಮೊದಲು ಒಬ್ಬ ಫಿಟ್ಟರು ಒಳಗೆ ನಿಲ್ಲಬೇಕು. ಮೇಲೆ ಇನ್ನೊಬ್ಬ ಬ್ರೇಕನ್ನು ಬೇಕೆಂದೇ ಬಿಡಬೇಕು. ಕೊಕ್ಕೆ ಕಚ್ಚಿ ಹಿಡಿಯುತ್ತದೋ ಇಲ್ಲವೋ ಹಾಗೆಯೇ ನೋಡುವುದು.

ಅವಳು ಒಳಕೋಣೆಯ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಗೋಡೆಯ ಗಡಿಯಾರ ಒಂಬತ್ತೂಐವತ್ತೈದು ತೋರಿಸುತ್ತಿತ್ತು.

“ನಿಲ್ಲಿಸಿ,” ಎಂದಳು. “ಲಿಫ್ಟು ಬಿಡಬೇಡಿ. ನಾನು ಹೇಳಿದ್ದು ತಪ್ಪು. ಒಂದನ್ನೂ ಬಿಡಬೇಡಿ.”

ಇನ್‌ಸ್ಪೆಕ್ಟರ್ ಕೂತಿರಲಿಲ್ಲ, ಎದ್ದು ನಿಂತಿದ್ದ. ಫೋನು ಇನ್ನೂ ಕಿವಿಯಲ್ಲಿತ್ತು. ಅವಳ ಮಾತಿಗೆ ಅವನು ಅಂಗೈ ಎತ್ತಿ ತಡೆದ.

“ಪರೀಕ್ಷೆ ಹತ್ತು ಗಂಟೆಗೆ ಅಂದಿದ್ದೆ ಅಲ್ವಾ,” ಎಂದು ಫೋನಿಗೆ ಹೇಳಿದ. ಆ ಕಡೆಯವರು ಏನೋ ಹೇಳುತ್ತಲೇ ಇದ್ದರು. ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ.

“ಎಷ್ಟನೇ ಮಹಡಿಯಿಂದ?” ಎಂದು ಕೇಳಿದ.